ಕೊಡಗಿನ ಬೇಸಿಗೆಯಲ್ಲಿ ಹಿತ್ತಲ ತರಕಾರಿ: ಜನವರಿಯಿಂದ ಮುಂಗಾರಿನವರೆಗೆ

ಕೊಡಗಿನಲ್ಲಿ ತರಕಾರಿ ಬೆಳೆಯುವವರ ಕೈ ಪಳಗಿರುವುದು ನೀರನ್ನು ಹೊರಗೆ ಹಾಕುವುದರಲ್ಲಿ. ಮಡಿ ಎತ್ತರಿಸಬೇಕು, ಚರಂಡಿ ಬಿಡಿಸಬೇಕು, ಬುಡ ಕೊಳೆಯದಂತೆ ನೋಡಿಕೊಳ್ಳಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇದೇ ಕೆಲಸ. ಅದೇ ಎತ್ತರದ ಮಡಿಗಳಲ್ಲಿ ಫೆಬ್ರವರಿಯಲ್ಲಿ ಬೆಂಡೆ ಬಿತ್ತಿ, ಏಪ್ರಿಲ್ ಹೊತ್ತಿಗೆ ‘ಈ ಸಲದ ಬಿಸಿಲಿಗೆ ಎಲ್ಲ ಒಣಗಿಹೋಯ್ತು’ ಅನ್ನುವವರು ಊರಿಗೊಬ್ಬರಾದರೂ ಇದ್ದಾರೆ. ಬಿಸಿಲಿನ ಪಾಲು ಅದರಲ್ಲಿ ಅರ್ಧ ಮಾತ್ರ. ಏರುಮಡಿ ಮೇಲಿನಿಂದಲೂ ಒಣಗುತ್ತದೆ, ನಾಲ್ಕೂ ಬದಿಯಿಂದಲೂ ಒಣಗುತ್ತದೆ. ಹಾಕಿದ ನೀರು ಬೇರಿಗೆ ಸಿಗುವ ಮೊದಲೇ ಕಾಲುವೆಗೆ ಇಳಿದಿರುತ್ತದೆ. ಬೇಸಿಗೆಗೆ ಹಿತ್ತಲನ್ನು ಮಳೆಗಾಲಕ್ಕೆ ಪೂರ್ತಿ ಉಲ್ಟಾ ಕಟ್ಟಬೇಕು. ಮೇ ಕೊನೆಯಲ್ಲಿ ಮತ್ತೆ ತಿರುಗಿಸಬೇಕು.

ದಿನದ ಲೆಕ್ಕ ಜೂನ್‌ನಿಂದ ಹಿಂದಕ್ಕೆ

ಮುಂಗಾರು ಕೇರಳಕ್ಕೆ ಕಾಲಿಡುವ ವಾಡಿಕೆಯ ದಿನ ಜೂನ್ 1. ಆಮೇಲೆ ನಮ್ಮಲ್ಲಿಗೆ ಬರಲು ಹೆಚ್ಚು ದಿನ ಬೇಡ. ಭಾಗಮಂಡಲ, ಗಾಳಿಬೀಡು, ಮಡಿಕೇರಿಯ ಕಡೆ ಮಳೆ ಹಿಡಿಯಿತೆಂದರೆ ಟೊಮೆಟೊ, ಸೌತೆ, ಬೀನ್ಸಿನ ಕಥೆ ಮುಗಿದಂತೆ. ಹಾಗಾಗಿ ಬಿತ್ತನೆಯ ದಿನ ಗೊತ್ತುಮಾಡಲು ಮೇ 31ರಿಂದ ಹಿಂದಕ್ಕೆ ಎಣಿಸಿ.

ಕುಂಬಳಕಾಯಿ ಬಲಿಯಲು ನೂರು ದಿನ ಬೇಕು. ಫೆಬ್ರವರಿ ಎರಡನೇ ವಾರ ದಾಟಿಸಬೇಡಿ. ಟೊಮೆಟೊಗೆ ಒಟ್ಲಿನಲ್ಲಿ (ಸಸಿಮಡಿಯಲ್ಲಿ) 25–30 ದಿನ, ನೆಟ್ಟ ಮೇಲೆ ಮೊದಲ ಹಣ್ಣಿಗೆ 60–70 ದಿನ, ಕೊಯ್ಲಿಗೆ ಇನ್ನೊಂದು ತಿಂಗಳು. ಅಂದರೆ ಬೀಜ ಜನವರಿ ಮೊದಲ ವಾರದಲ್ಲೇ ಮಣ್ಣಿಗೆ ಬೀಳಬೇಕು, ಕಾಫಿ ಕೊಯ್ಲಿನ ಗಡಿಬಿಡಿ ಎಷ್ಟೇ ಇರಲಿ. ಬದನೆ, ಹಸಿಮೆಣಸಿಗೂ ಇದೇ ಹೊತ್ತು. ಬೆಂಡೆ 45–50 ದಿನಕ್ಕೆ ಕಾಯಿ ಕೊಡುವುದರಿಂದ ಮಾರ್ಚ್ ಮಧ್ಯದವರೆಗೂ ಬಿತ್ತಬಹುದು. ಸೌತೆಯನ್ನು ಎರಡು ಕಂತಿನಲ್ಲಿ ಹಾಕಿ: ಫೆಬ್ರವರಿಯಲ್ಲೊಮ್ಮೆ, ಮಾರ್ಚ್ ಕೊನೆಯಲ್ಲೊಮ್ಮೆ. ಹರಿವೆ ಸೊಪ್ಪಿಗೆ 25–30 ದಿನ ಸಾಕು, ಹದಿನೈದು ದಿನಕ್ಕೊಮ್ಮೆ ಒಂದು ಹಿಡಿ ಬೀಜ ಎರಚುತ್ತಿರಿ.

ಇಡೀ ಜಿಲ್ಲೆಗೆ ಒಂದೇ ಲೆಕ್ಕ ಹೊಂದುವುದಿಲ್ಲ. ಮಡಿಕೇರಿಗಿಂತ ಕುಶಾಲನಗರ ಸುಮಾರು 300 ಮೀಟರ್ ಕೆಳಗಿದೆ. ಮಡಿಕೇರಿಯಲ್ಲಿ ಏಪ್ರಿಲ್ ರಾತ್ರಿಗೂ ಹೊದಿಕೆ ಬೇಕೆನಿಸುವಾಗ ಕುಶಾಲನಗರ, ಕೂಡಿಗೆ, ಹೆಬ್ಬಾಲೆಯ ಕಡೆ ಫ್ಯಾನ್ ತಿರುಗುತ್ತಿರುತ್ತದೆ. ಆ ಕಡೆ ಮಳೆಯೂ ಕಡಿಮೆ, ಆದ್ದರಿಂದ ಬೆಂಡೆ, ಅಲಸಂದೆಯನ್ನು ಜುಲೈವರೆಗೂ ಎಳೆಯಬಹುದು. ಗೋಣಿಕೊಪ್ಪ, ಸಿದ್ದಾಪುರದ ಕಡೆ ಬಿಸಿಲಿನ ಜೊತೆ ತೋಟದ ಮರಗಳ ನೆರಳನ್ನೂ ಲೆಕ್ಕ ಹಾಕಬೇಕು.

ಜಾಗ

ದಿನಕ್ಕೆ ಆರು ಗಂಟೆ ಬಿಸಿಲು ಬೀಳುವ ಜಾಗ ಬೇಕು. ಅದರಲ್ಲೂ ಬೆಳಗಿನ ಬಿಸಿಲು ಸಿಕ್ಕಿ, ಮಧ್ಯಾಹ್ನ ಮೂರರ ನಂತರ ಮನೆಯ ಅಥವಾ ಮರದ ನೆರಳು ಬೀಳುವಂತಿದ್ದರೆ ಅದಕ್ಕಿಂತ ಒಳ್ಳೆಯ ಜಾಗ ಇಲ್ಲ.

ಸಿಲ್ವರ್ ಓಕ್ ಮರದ ಬುಡಕ್ಕೆ ಹತ್ತಿರ ಮಡಿ ಮಾಡಬೇಡಿ. ನೆರಳು ಹಗುರವೆಂದು ಕಾಣುತ್ತದೆ, ಆದರೆ ಅದರ ಬೇರು ಬೇಸಿಗೆಯಲ್ಲಿ ನೀವು ಹಾಕಿದ ನೀರನ್ನು ಹುಡುಕಿಕೊಂಡು ಬರುತ್ತದೆ. ಬೇರೆ ಜಾಗವೇ ಇಲ್ಲದಿದ್ದರೆ ಗ್ರೋಬ್ಯಾಗ್ (ಮಣ್ಣು ತುಂಬಿ ಗಿಡ ಬೆಳೆಸುವ ಚೀಲ) ಇಡಿ, ಅದೂ ಇಟ್ಟಿಗೆಯ ಮೇಲೆ. ನೆಲಕ್ಕೆ ತಾಗಿಸಿ ಇಟ್ಟರೆ ಬೇರು ತಳದ ತೂತಿನಿಂದ ಒಳಗೆ ಬಂದುಬಿಡುತ್ತದೆ.

ಮನೆಯ ಹತ್ತಿರ ಗದ್ದೆ ಇದ್ದವರಿಗೆ ಅದೇ ಅನುಕೂಲ. ಭತ್ತ ಕೊಯ್ದ ಗದ್ದೆಯ ಅಡಿಮಣ್ಣಿನಲ್ಲಿ ಮಾರ್ಚ್‌ವರೆಗೂ ತೇವ ಇರುತ್ತದೆ. ಆದರೆ ಹಿಂದೆ ಶುಂಠಿ ಹಾಕಿ ಅದು ಸೊರಗಿದ ಗದ್ದೆಯಾದರೆ ಅಲ್ಲಿ ಟೊಮೆಟೊ, ಬದನೆ, ಮೆಣಸು ಬೇಡ. ಬೆಂಡೆ, ಸೌತೆ, ಅಲಸಂದೆ ಹಾಕಿಕೊಳ್ಳಿ. ಕಾರಣ ಮುಂದೆ ಬರುತ್ತದೆ.

ಎಷ್ಟು ಮಡಿ ಅನ್ನುವುದನ್ನು ಜಾಗ ನೋಡಿ ತೀರ್ಮಾನಿಸಬೇಡಿ, ಏಪ್ರಿಲ್‌ನಲ್ಲಿ ನಿಮ್ಮ ಬಾವಿಯಲ್ಲಿ ಎಷ್ಟು ನೀರಿರುತ್ತದೆ ಎಂದು ನೋಡಿ ತೀರ್ಮಾನಿಸಿ. ಫೆಬ್ರವರಿ, ಮಾರ್ಚ್‌ನಲ್ಲಿ ರೊಬಸ್ಟಾ ಕಾಫಿ ತೋಟಗಳ ಸ್ಪ್ರಿಂಕ್ಲರ್ ಶುರುವಾದರೆ ಕೆರೆ, ತೋಡುಗಳ ಮಟ್ಟ ಒಂದೇ ವಾರದಲ್ಲಿ ಇಳಿಯುತ್ತದೆ. ಜನವರಿಯ ನೀರು ನೋಡಿ ಹತ್ತು ಮಡಿ ಮಾಡಿದರೆ ಏಪ್ರಿಲ್‌ನಲ್ಲಿ ಆರನ್ನು ಕೈಬಿಡಬೇಕಾಗುತ್ತದೆ.

ಮಣ್ಣಿಗೆ ಸುಣ್ಣ

ವರ್ಷವರ್ಷವೂ ಸುರಿಯುವ ಮಳೆ ನಮ್ಮ ಮಣ್ಣಿನ ಸುಣ್ಣದ ಅಂಶವನ್ನು ತೊಳೆದುಬಿಡುತ್ತದೆ, ಮಣ್ಣು ಹುಳಿಯಾಗುತ್ತದೆ. ಕಾಫಿಗೆ ಇದು ನಡೆಯುತ್ತದೆ, ತರಕಾರಿಗೆ ನಡೆಯುವುದಿಲ್ಲ. ಕಾಫಿ ತೋಟಕ್ಕೆ ಸುಣ್ಣ ಹಾಕಿಸುವವರೂ ಹಿತ್ತಲಿಗೆ ಹಾಕುವುದನ್ನು ಮರೆಯುತ್ತಾರೆ. ಗೋಣಿಕೊಪ್ಪದ ಕೃಷಿ ವಿಜ್ಞಾನ ಕೇಂದ್ರದಲ್ಲಿ ಮಣ್ಣು ಪರೀಕ್ಷೆಯ ಬಗ್ಗೆ ವಿಚಾರಿಸಿ, ಫಲಿತಾಂಶ ನೋಡಿ ಹಾಕುವುದು ಸರಿ. ಪರೀಕ್ಷೆ ಮಾಡಿಸಲು ಆಗದಿದ್ದರೆ ಚದರ ಮೀಟರಿಗೆ 200 ಗ್ರಾಂ ಕೃಷಿ ಸುಣ್ಣ ಅಥವಾ ಡಾಲಮೈಟ್ ಎರಚಿ, ಒಂದು ಗೇಣು ಆಳಕ್ಕೆ ಅಗೆದು ಬೆರೆಸಿ, ಒಮ್ಮೆ ನೀರು ಕೊಡಿ. ಮಾರನೇ ವರ್ಷ ಪರೀಕ್ಷೆ ಇಲ್ಲದೆ ಮತ್ತೆ ಹಾಕಬೇಡಿ.

ಸುಣ್ಣ ಮತ್ತು ಸಗಣಿ ಗೊಬ್ಬರವನ್ನು ಒಂದೇ ದಿನ ಹಾಕಬಾರದು, ಗೊಬ್ಬರದ ಸಾರಜನಕ ಗಾಳಿಗೆ ಹೋಗುತ್ತದೆ. ನಡುವೆ ಎರಡು ವಾರ ಬಿಡಿ. ಆಮೇಲೆ ಚದರ ಮೀಟರಿಗೆ ಮೂರು ಕೆ.ಜಿ. ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಒಂದು ಹಿಡಿ ಬೇವಿನ ಹಿಂಡಿ. ಪಲ್ಪರ್‌ನಿಂದ (ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ) ಬಂದ ಹಸಿ ಕಾಫಿ ಸಿಪ್ಪೆಯನ್ನು ನೇರವಾಗಿ ಮಡಿಗೆ ತರಬೇಡಿ. ಅದು ಕೊಳೆಯುವಾಗ ಬಿಸಿಯೇಳುತ್ತದೆ, ಎಳೆ ಬೇರು ಸುಡುತ್ತದೆ. ಸಗಣಿಯ ಜೊತೆ ಗುಂಡಿಯಲ್ಲಿ ಹಾಕಿ, ಕಪ್ಪಾಗಿ, ಪುಡಿಯಾಗಿ, ವಾಸನೆ ಹೋದ ಮೇಲೆ ಬಳಸಿ.

ತಗ್ಗು ಮಡಿ

ಹಳೆಯ ಏರುಮಡಿಯನ್ನು ಒಡೆದು ಸಮ ಮಾಡಿ. ಒಂದು ಮೀಟರ್ ಅಗಲ, ಮೂರು ಮೀಟರ್ ಉದ್ದಕ್ಕೆ ಗುರುತು ಹಾಕಿ, ಒಳಗಿನ ಮಣ್ಣನ್ನು ನಾಲ್ಕು ಇಂಚು ತೆಗೆದು ಸುತ್ತ ಬದುವಾಗಿ ಕಟ್ಟಿ. ಮಡಿಯ ತಳ ನೆಲಕ್ಕಿಂತ ಕೆಳಗಿರಬೇಕು. ಹಾಕಿದ ನೀರು ಅಲ್ಲೇ ನಿಂತು ಇಂಗುತ್ತದೆ, ಒಣಗಾಳಿ ಬುಡಕ್ಕೆ ನೇರವಾಗಿ ಬಡಿಯುವುದಿಲ್ಲ, ಹೂಮಳೆ (ಕಾಫಿ ಅರಳಿಸುವ ಬೇಸಿಗೆಯ ಮಳೆ) ಬಂದರೆ ಅದೂ ಮಡಿಯಲ್ಲೇ ಉಳಿಯುತ್ತದೆ. ಇಳಿಜಾರಾದರೆ ಮಡಿಯನ್ನು ಇಳಿಜಾರಿಗೆ ಅಡ್ಡ ಮಾಡಿ. ಕುಂಬಳ, ಹೀರೆ, ಹಾಗಲಕ್ಕೆ ಮಡಿ ಬೇಕಿಲ್ಲ. ಒಂದೂವರೆ ಅಡಿ ಅಗಲ, ಅಷ್ಟೇ ಆಳದ ಗುಂಡಿ ತೋಡಿ, ಗೊಬ್ಬರ ಬೆರೆಸಿದ ಮಣ್ಣನ್ನು ಮುಕ್ಕಾಲು ತುಂಬಿ, ಮೇಲಿನ ಕಾಲು ಭಾಗವನ್ನು ನೀರಿಗೆಂದು ಖಾಲಿ ಬಿಡಿ.

ಯಾವ ಗಿಡ, ಯಾವ ತಳಿ

ಬಿಸಿಲನ್ನು ಇಷ್ಟಪಡುವ ಗಿಡಗಳಿಗೆ ಮುಕ್ಕಾಲು ಜಾಗ ಕೊಡಿ. ಬೆಂಡೆ, ಅಲಸಂದೆ, ಹರಿವೆ, ಬಸಳೆ, ಬದನೆ, ಹೀರೆ, ಹಾಗಲ, ಕುಂಬಳ, ತೊಂಡೆ. ಉಳಿದ ಕಾಲು ಭಾಗದಲ್ಲಿ ಟೊಮೆಟೊ, ಬೀನ್ಸ್ ಇರಲಿ. ಮಡಿಕೇರಿಯ ತಂಪಿನಲ್ಲಿ ಬೀನ್ಸ್ ಏಪ್ರಿಲ್‌ನಲ್ಲೂ ಕಾಯಿ ಕಟ್ಟುತ್ತದೆ, ಕುಶಾಲನಗರದ ಕಡೆ ಮಾರ್ಚ್ ದಾಟಿದರೆ ಹೂ ಉದುರಿಸಿಕೊಂಡು ನಿಲ್ಲುತ್ತದೆ. ಎಲೆಕೋಸು, ಕ್ಯಾರೆಟ್, ಮೂಲಂಗಿಯನ್ನು ಬೇಸಿಗೆಗೆ ಹಾಕುವುದು ನೀರು ದಂಡ ಎಂದೇ ನನ್ನ ಅಭಿಪ್ರಾಯ. ಕೊತ್ತಂಬರಿ ಬೇಕೇಬೇಕೆಂದರೆ ಬದನೆ ಗಿಡದ ನೆರಳಿನಲ್ಲಿ ಸ್ವಲ್ಪ ಬಿತ್ತಿ. ಬೇಗ ಹೂಬಿಡುತ್ತದೆ, ಎಳೆಯದಾಗಿರುವಾಗಲೇ ಕಿತ್ತು ಮುಗಿಸಿ.

ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ‘ಅರ್ಕಾ’ ತಳಿಗಳು ಹಿತ್ತಲಿಗೆ ಹೊಂದುತ್ತವೆ. ಅದರ ಒಂದು ಪ್ರಯೋಗ ಕೇಂದ್ರ ನಮ್ಮ ಚೆಟ್ಟಳ್ಳಿಯಲ್ಲೇ ಇದೆ. ಬೆಂಡೆಯಲ್ಲಿ ಅರ್ಕಾ ಅನಾಮಿಕ ಹಳದಿ ನಂಜು ರೋಗವನ್ನು ತಡೆಯಲೆಂದೇ ಬಂದ ತಳಿ. ಅರ್ಕಾ ಸುಗುಣ ಹರಿವೆಯನ್ನು ಬುಡ ಬಿಟ್ಟು ಕೊಯ್ದರೆ ಮತ್ತೆ ಮತ್ತೆ ಚಿಗುರುತ್ತದೆ. ಟೊಮೆಟೊದಲ್ಲಿ ಅರ್ಕಾ ರಕ್ಷಕ್ ಎಲೆಮುರುಟು, ದುಂಡಾಣು ಸೊರಗು, ಎಲೆ ಅಂಗಮಾರಿ ಮೂರನ್ನೂ ತಡೆದುಕೊಳ್ಳುತ್ತದೆ. ಬೀಜದ ಬೆಲೆ ಹೆಚ್ಚು, ಹೈಬ್ರಿಡ್ ಆದ್ದರಿಂದ ಹಣ್ಣಿನ ಬೀಜ ತೆಗೆದಿಟ್ಟು ಪ್ರಯೋಜನವಿಲ್ಲ. ಆದರೂ ನಮ್ಮ ಹುಳಿ ಮಣ್ಣಿಗೆ ಆ ದುಡ್ಡು ಕೊಡಬಹುದು. ಪರಂಗಿ ಮೆಣಸಿಗೆ (ಸೂಜಿಮೆಣಸು) ಯಾವ ತಳಿಯೂ ಬೇಡ. ಹಕ್ಕಿ ಬೀಜ ಬೀಳಿಸಿ ಬಚ್ಚಲ ಹಿಂದೆ ಹುಟ್ಟಿದ ಗಿಡವೇ ಸಾಕು, ಎರಡು ಮೂರು ವರ್ಷ ಕಾಯಿ ಕೊಡುತ್ತದೆ.

ಬಿತ್ತುವುದು, ನೆಡುವುದು

ಬೆಂಡೆ, ಹಾಗಲದ ಬೀಜವನ್ನು ರಾತ್ರಿಯಿಡೀ ನೀರಿನಲ್ಲಿ ನೆನೆಸಿ. ಹಾಗಲದ ಬೀಜದ ಮೂತಿಯನ್ನು ಉಗುರು ಕತ್ತರಿಯಿಂದ ಸ್ವಲ್ಪ ಕತ್ತರಿಸಿದರೆ ಬೇಗ ಮೊಳೆಯುತ್ತದೆ. ಒಣ ಮಣ್ಣಿಗೆ ಬಿತ್ತಿ ಮೇಲೆ ನೀರು ಹಾಕಬೇಡಿ, ಮಣ್ಣು ಹೆಪ್ಪುಗಟ್ಟಿ ಮೊಳಕೆ ಮೇಲೆ ಬರುವುದಿಲ್ಲ. ಹಿಂದಿನ ದಿನವೇ ಮಡಿಯನ್ನು ಪೂರ್ತಿ ನೆನೆಸಿ, ಮಾರನೇ ದಿನ ಬಿತ್ತಿ, ಪುಡಿ ಗೊಬ್ಬರದಿಂದ ಮುಚ್ಚಿ.

ಸಸಿ ನೆಡುವುದು ಸಂಜೆ ಐದರ ಮೇಲೆ. ನೆಟ್ಟ ಮೇಲೆ ನಾಲ್ಕೈದು ದಿನ ಪ್ರತಿ ಸಸಿಗೂ ಪಶ್ಚಿಮದ ಕಡೆಯಿಂದ ಅಡಿಕೆ ಹಾಳೆಯ ತುಂಡನ್ನು ಓರೆಯಾಗಿ ಚುಚ್ಚಿ. ಟೊಮೆಟೊ ಸಸಿಯನ್ನು ಮೊದಲ ಎಲೆಗಳವರೆಗೂ ಮಣ್ಣಲ್ಲಿ ಹುಗಿದರೆ ಕಾಂಡದಿಂದಲೂ ಬೇರು ಬಿಡುತ್ತದೆ. ಬದನೆ, ಮೆಣಸಿಗೆ ಹಾಗೆ ಮಾಡಬೇಡಿ.

ಹೊದಿಕೆ

ಹೊದಿಕೆ ಅಂದರೆ ಮಡಿಯ ಮಣ್ಣಿನ ಮೇಲೆ ಹುಲ್ಲು, ಸೊಪ್ಪು, ತರಗೆಲೆ ಹಾಸುವುದು. ಇದೊಂದನ್ನು ಸರಿಯಾಗಿ ಮಾಡಿದರೆ ನೀರು, ಕಳೆ, ಅರ್ಧ ರೋಗ ಎಲ್ಲದರ ತಲೆನೋವು ಕಡಿಮೆ. ಹುಲ್ಲನ್ನು ದನಕ್ಕೆ ಹಾಕಿ ಉಳಿದದ್ದನ್ನು, ಕಾಫಿಗೆ ನೆರಳು ಕೊಡುವ ಹಾಲುವಾಣದ ಕೊಂಬೆ ಸವರಿದ ಸೊಪ್ಪನ್ನು, ತೋಟದ ತರಗೆಲೆಯನ್ನು ಜನವರಿಯಲ್ಲೇ ಕೂಡಿಟ್ಟುಕೊಳ್ಳಿ.

ಮಣ್ಣು ಬೆಚ್ಚಗಾಗಿ ಸಸಿ ಒಂದು ಗೇಣು ಬೆಳೆದ ಮೇಲೆ, ಮಡಿಗೆ ಚೆನ್ನಾಗಿ ನೀರು ಕೊಟ್ಟು, ಮೂರು ಇಂಚು ದಪ್ಪಕ್ಕೆ ಹರಡಿ. ಕಾಂಡದ ಸುತ್ತ ಎರಡು ಬೆರಳು ಜಾಗ ಬಿಡಿ, ಇಲ್ಲದಿದ್ದರೆ ಬುಡ ಕೊಳೆಯುತ್ತದೆ. ಸಿಲ್ವರ್ ಓಕ್ ಎಲೆಯನ್ನು ಹಾಗೇ ಹಾಸಿದರೆ ಒಂದರ ಮೇಲೊಂದು ಕೂತು ನೀರನ್ನೇ ಕೆಳಗೆ ಬಿಡುವುದಿಲ್ಲ. ಕತ್ತಿಯಿಂದ ಕೊಚ್ಚಿ, ಹಸಿ ಸೊಪ್ಪಿನ ಜೊತೆ ಬೆರೆಸಿ ಹಾಕಿ. ಕೆಲಸ ಆಗಿದೆಯೋ ಇಲ್ಲವೋ ತಿಳಿಯಲು ಮಧ್ಯಾಹ್ನ ಎರಡು ಗಂಟೆಗೆ ಹೊದಿಕೆಯ ಅಡಿಗೆ ಕೈ ತೂರಿಸಿ, ಆಮೇಲೆ ಪಕ್ಕದ ಬರಿ ನೆಲ ಮುಟ್ಟಿ. ಒಂದು ತಣ್ಣಗೆ, ಒಂದು ಅಂಗೈ ಇಡಲಾರದಷ್ಟು ಬಿಸಿ.

ಒಣ ಹೊದಿಕೆಗೆ ಗೆದ್ದಲು ಬರುತ್ತದೆ, ವಾರಕ್ಕೊಮ್ಮೆ ಎತ್ತಿ ನೋಡಿ. ತರಗೆಲೆಯ ರಾಶಿಯನ್ನು ಒಲೆ, ಹಂಡೆಯ ಹತ್ತಿರ ಇಡಬೇಡಿ.

ನೀರು

ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ನೀರು ಅಂದರೆ ಒಂದು ಲೀಟರ್. ಏಪ್ರಿಲ್‌ನ ಬಿಸಿಲು, ಗಾಳಿಗೆ ತುಂಬಿ ಬೆಳೆದ ಮಡಿ ದಿನಕ್ಕೆ ಹೆಚ್ಚುಕಡಿಮೆ 5 ಮಿಲಿಮೀಟರ್ ಕಳೆದುಕೊಳ್ಳುತ್ತದೆ ಎಂದಿಟ್ಟುಕೊಳ್ಳಿ. ಮೂರು ಚದರ ಮೀಟರಿನ ಮಡಿಗೆ ಅದು 15 ಲೀಟರ್, ಸುಮಾರಾಗಿ ಒಂದು ಕೊಡ. ಹೊದಿಕೆ ಇದ್ದರೆ ಹತ್ತು ಲೀಟರಿನಲ್ಲೂ ನಡೆಯುತ್ತದೆ.

ಈ ನೀರನ್ನು ದಿನಾ ಚಿಮುಕಿಸುವುದಕ್ಕಿಂತ ಎರಡು ದಿನಕ್ಕೊಮ್ಮೆ ಎರಡು ಕೊಡ ಬುಡಕ್ಕೆ ಸುರಿಯಿರಿ. ಮೇಲೆ ಮೇಲೆ ನೆನೆದರೆ ಬೇರು ಮೇಲೆಯೇ ಹರಡುತ್ತದೆ, ಒಂದು ದಿನ ನೀರು ತಪ್ಪಿದರೆ ಗಿಡ ಬಿದ್ದುಹೋಗುತ್ತದೆ. ಕೈಬೆರಳನ್ನು ಎರಡು ಗೆಣ್ಣಿನವರೆಗೆ ಮಣ್ಣಿಗೆ ಇಳಿಸಿ ನೋಡಿ, ತುದಿಗೆ ತೇವ ತಾಗಿದರೆ ಆ ದಿನ ನೀರು ಬೇಡ. ಸಸಿ, ಸೊಪ್ಪಿನ ಮಡಿ, ಗ್ರೋಬ್ಯಾಗ್ ಮಾತ್ರ ದಿನವೂ ಕೇಳುತ್ತವೆ.

ಹೊತ್ತು ಬೆಳಗಿನದೇ ಸರಿ, ಏಳೂವರೆಯೊಳಗೆ. ಬೆಳಿಗ್ಗೆ ಆಗದೆ ಸಂಜೆ ಪೈಪಿನಲ್ಲಿ ಕೊಡುವವರು ಮೊದಲ ಎರಡು ನಿಮಿಷದ ನೀರನ್ನು ಬಾಳೆಗೋ ಬಕೆಟಿಗೋ ಬಿಡಿ. ಹಗಲು ಅಂಗಳದಲ್ಲಿ ಬಿದ್ದಿದ್ದ ಪೈಪಿನೊಳಗಿನ ನೀರು ಸಂಜೆಯೂ ಬೇರು ಬೇಯಿಸುವಷ್ಟು ಕಾದಿರುತ್ತದೆ.

ಮಧ್ಯಾಹ್ನ ಎರಡಕ್ಕೆ ಕುಂಬಳದ ಎಲೆ ಜೋತು ಬಿದ್ದದ್ದು ನೋಡಿ ಓಡಿಹೋಗಿ ನೀರು ಹಾಕಬೇಡಿ. ಆ ಹೊತ್ತಿನಲ್ಲಿ ಎಲೆ ಕಳೆದುಕೊಳ್ಳುವಷ್ಟು ನೀರನ್ನು ಬೇರು ಒದಗಿಸಲಾರದು, ಅಷ್ಟೇ. ಸಂಜೆ ಆರಕ್ಕೆ ಮತ್ತೆ ನೋಡಿ, ಎದ್ದು ನಿಂತಿರುತ್ತದೆ. ಬೆಳಿಗ್ಗೆ ಏಳಕ್ಕೂ ಜೋತಿದ್ದರೆ ಮಾತ್ರ ಬಾಯಾರಿದೆ ಅಥವಾ ರೋಗ ಬಂದಿದೆ ಎಂದು ತಿಳಿಯಿರಿ.

ಎರಡು ಮೂರು ದಿನ ಮನೆ ಬಿಟ್ಟು ಹೋಗುವವರಿಗೆ ಮಡಕೆ ಉಪಾಯ. ಬಣ್ಣ ಬಳಿಯದ ಐದಾರು ಲೀಟರಿನ ಮಣ್ಣಿನ ಮಡಕೆಯನ್ನು ಕುತ್ತಿಗೆವರೆಗೆ ಹೂತು, ಸುತ್ತ ಒಂದು ಅಡಿಯೊಳಗೆ ನಾಲ್ಕು ಗಿಡ ಹಾಕಿ. ನೀರು ತುಂಬಿ ಬಾಯಿಗೆ ಮುಚ್ಚಳ ಇಡಿ, ಇಲ್ಲದಿದ್ದರೆ ಸೊಳ್ಳೆ ಮೊಟ್ಟೆಯಿಡುತ್ತದೆ. ಮಣ್ಣು ಒಣಗಿದಂತೆಲ್ಲ ನೀರು ತಾನೇ ಒಸರುತ್ತದೆ. ತರಕಾರಿ, ಅಕ್ಕಿ ತೊಳೆದ ನೀರು ಎಲ್ಲದಕ್ಕೂ ಆಗುತ್ತದೆ. ಸಾಬೂನಿನ ನೀರು ಬಾಳೆ, ಕೆಸುವಿಗೆ ಮಾತ್ರ.

ನೆರಳು ಬಲೆ

ಮಡಿಕೇರಿ, ಸೋಮವಾರಪೇಟೆಯ ಎತ್ತರದಲ್ಲಿ ಇದರ ಅಗತ್ಯ ಇಲ್ಲ. ಕುಶಾಲನಗರದ ಕಡೆಯವರು ಮಾರ್ಚ್ ಮಧ್ಯದಿಂದ ಟೊಮೆಟೊ, ಮೆಣಸು, ಸೊಪ್ಪಿಗೆ ಹಾಕಿಕೊಳ್ಳಿ. ಅಂಗಡಿಯವರು ಕೊಡುವ, ಬಿಸಿಲನ್ನು 75 ಪರ್ಸೆಂಟ್ ತಡೆಯುವ ಬಲೆ ನರ್ಸರಿಗೆ, ಕಾಯಿ ಬಿಡುವ ಗಿಡಕ್ಕೆ 35ರದ್ದು ಕೇಳಿ. ಬಿದಿರ ಗಳುವಿನ ಮೇಲೆ ಏಳಡಿ ಎತ್ತರಕ್ಕೆ ಕಟ್ಟಿ, ಪಶ್ಚಿಮಕ್ಕೆ ಇಳಿಬಿಡಿ, ಪೂರ್ವ ತೆರೆದಿರಲಿ. ಹೂಮಳೆಯ ಜೊತೆ ಆಲಿಕಲ್ಲು ಬಿದ್ದರೂ ಬಲೆ ಅಷ್ಟಿಷ್ಟು ತಡೆಯುತ್ತದೆ.

ಹೂ ಇದೆ, ಕಾಯಿ ಇಲ್ಲ

ಹಗಲು 35 ಡಿಗ್ರಿ ದಾಟಿ ರಾತ್ರಿಯೂ ತಂಪಾಗದಿದ್ದರೆ ಟೊಮೆಟೊ, ಮೆಣಸಿನ ಪರಾಗ ಕೆಡುತ್ತದೆ, ಹೂ ತೊಟ್ಟಿನಲ್ಲೇ ಕಳಚುತ್ತದೆ. ಆಗ ಗೊಬ್ಬರ ಸುರಿಯಬೇಡಿ. ನೀರು ತಪ್ಪದಂತೆ ನೋಡಿಕೊಂಡು ಕಾಯಿರಿ, ಒಂದು ಮಳೆ ಬಿದ್ದು ರಾತ್ರಿ ತಂಪಾದರೆ ಮುಂದಿನ ಗೊನೆ ಕಟ್ಟುತ್ತದೆ. ಸೌತೆ, ಕುಂಬಳದಲ್ಲಿ ಮೊದಲ ವಾರದ ಹೂಗಳೆಲ್ಲ ಗಂಡು. ಉದುರಿದರೆ ಗಾಬರಿ ಬೇಡ.

ಹೆಣ್ಣು ಹೂ ಬಂದೂ ಮಿಡಿ ಹಳದಿಯಾಗಿ ಬಿದ್ದರೆ ಜೇನು ಬಂದಿಲ್ಲ ಎಂದರ್ಥ. ಹೂಮಳೆಯಾಗಿ ಕಾಫಿ ಅರಳಿದ ದಿನಗಳಲ್ಲಿ ತುಡುವೆ, ಹೆಜ್ಜೇನು ಎಲ್ಲ ತೋಟದ ಕಡೆಗೇ ಹೋಗಿರುತ್ತವೆ, ಹಿತ್ತಲಿನ ಕುಂಬಳದ ಹೂವನ್ನು ಕೇಳುವವರಿಲ್ಲ. ಆ ದಿನಗಳಲ್ಲಿ ಬೆಳಿಗ್ಗೆ ಎಂಟರೊಳಗೆ ಒಂದು ಗಂಡು ಹೂ ಕಿತ್ತು, ದಳ ಬಿಡಿಸಿ, ನಡುವಿನ ಹಳದಿ ಪುಡಿಯನ್ನು ಹೆಣ್ಣು ಹೂವಿನ ನಡುವಿಗೆ ಮೆತ್ತಗೆ ಸವರಿ. ಹೆಣ್ಣು ಹೂವಿನ ಬುಡದಲ್ಲಿ ಪುಟ್ಟ ಕಾಯಿ ಇರುತ್ತದೆ, ಗುರುತು ತಪ್ಪುವುದಿಲ್ಲ. ಸೋರೆ, ಹೀರೆಯ ಹೂ ಅರಳುವುದು ಸಂಜೆ, ಅವಕ್ಕೆ ಆಗಲೇ ಮಾಡಿ.

ಎರಡು ರೋಗ

ಟೊಮೆಟೊದ ತಳ ಕಪ್ಪಾಗಿ, ಚಪ್ಪಟೆಯಾಗಿ, ತೊಗಲಿನಂತೆ ಒಣಗುವುದು ಹುಳದಿಂದಲ್ಲ, ಔಷಧಿ ಹೊಡೆದರೆ ಹೋಗುವುದೂ ಇಲ್ಲ. ಕಾಯಿಗೆ ಸುಣ್ಣದ ಅಂಶ ತಲುಪಿಲ್ಲ. ಮಣ್ಣಿನಲ್ಲೇ ಕಡಿಮೆ ಇರಬಹುದು. ಇದ್ದರೂ ಅದು ನೀರಿನ ಜೊತೆ ಸಾಗಬೇಕು. ಮೂರು ದಿನ ಒಣಗಿಸಿ ನಾಲ್ಕನೇ ದಿನ ಕೆರೆ ಮಾಡಿದರೆ ಸಾಗುವುದಿಲ್ಲ. ಕೆಟ್ಟ ಕಾಯಿ ಕಿತ್ತುಹಾಕಿ, ನೀರನ್ನು ಒಂದೇ ಸಮ ಮಾಡಿ, ಹೊಸ ಕಾಯಿಗಳು ಸರಿಯಾಗಿ ಬರುತ್ತವೆ.

ಇನ್ನೊಂದು ದುಂಡಾಣು ಸೊರಗು. ನಿನ್ನೆ ಹಸಿರಾಗಿದ್ದ ಗಿಡ ಇಂದು ಹಸಿರಾಗಿಯೇ ಜೋತು ಬೀಳುತ್ತದೆ, ಮಣ್ಣಲ್ಲಿ ತೇವ ಇದ್ದರೂ ಏಳುವುದಿಲ್ಲ. ಬುಡದ ಹತ್ತಿರ ಕಾಂಡವನ್ನು ಕತ್ತರಿಸಿ, ಗಾಜಿನ ಲೋಟದ ತಿಳಿನೀರಿಗೆ ತುದಿ ಮಾತ್ರ ಮುಳುಗುವಂತೆ ಹಿಡಿದುಕೊಳ್ಳಿ, ಅಲುಗಾಡಿಸಬೇಡಿ. ಕೆಲವು ನಿಮಿಷದಲ್ಲಿ ಕತ್ತರಿಸಿದ ಜಾಗದಿಂದ ಹಾಲಿನ ಬಣ್ಣದ ಸಣ್ಣ ಎಳೆ ನೇರ ಕೆಳಗೆ ಇಳಿದರೆ ಅನುಮಾನ ಬೇಡ. ಶುಂಠಿಯನ್ನು ಸೊರಗಿಸುವುದೂ ಇದೇ ಜಾತಿಯ ದುಂಡಾಣು. ಮದ್ದಿಲ್ಲ. ಬೇರು ಸಮೇತ ಕಿತ್ತು ಸುಟ್ಟು, ಆ ಗುಳಿಗೆ ಸುಣ್ಣ ಹಾಕಿ, ಆ ಮಡಿಯ ನೀರು ಪಕ್ಕದ ಮಡಿಗೆ ಹರಿಯದಂತೆ ತಡೆಯಿರಿ. ಗುದ್ದಲಿಯನ್ನೂ ತೊಳೆಯಿರಿ. ಅಲ್ಲಿ ಮುಂದಿನ ಕೆಲವು ವರ್ಷ ಟೊಮೆಟೊ, ಬದನೆ, ಮೆಣಸು ಯಾವುದೂ ಬೇಡ.

ಹುಳ, ಹಕ್ಕಿ, ಮಂಗ

ಮೆಣಸಿನ ಎಲೆ ಮೇಲಕ್ಕೆ ಮುರುಟಿದರೆ ಥ್ರಿಪ್ಸ್ ಎಂಬ ಸಣ್ಣ ಹುಳ, ಕೆಳಕ್ಕೆ ಮುರುಟಿದರೆ ನುಸಿ. ಎರಡೂ ಒಣಹವೆಯ ಕಾಟ. ಬೆಳಿಗ್ಗೆ ಎಲೆಯ ಅಡಿಭಾಗಕ್ಕೆ ಪೈಪಿನಿಂದ ಜೋರಾಗಿ ನೀರು ಹೊಡೆಯುವುದೇ ಮೊದಲ ಮದ್ದು. ಬಗ್ಗದಿದ್ದರೆ ಲೀಟರಿಗೆ 5 ಮಿ.ಲೀ. ಬೇವಿನ ಎಣ್ಣೆ, ಸ್ವಲ್ಪ ಸೋಪಿನ ದ್ರಾವಣ ಬೆರೆಸಿ ಸಂಜೆ ಸಿಂಪಡಿಸಿ. ಬಿಸಿಲಲ್ಲಿ ಹೊಡೆದರೆ ಎಲೆ ಸುಡುತ್ತದೆ.

ಹಾಗಲ, ಹೀರೆಗೆ ಹಣ್ಣುನೊಣ. ಮಾವಿನ ಮರಕ್ಕೆ ಕಟ್ಟುವ, ನೊಣ ಹಿಡಿಯುವ ಬಲೆಯನ್ನೇ ತಂದು ಕಟ್ಟಿದರೆ ಪ್ರಯೋಜನವಿಲ್ಲ; ಬಳ್ಳಿ ತರಕಾರಿಯ ನೊಣಕ್ಕೆ ಕ್ಯೂಲ್ಯೂರ್ (ನೊಣವನ್ನು ಸೆಳೆಯುವ ವಾಸನೆಯ ವಸ್ತು) ಇರುವ ಬಲೆ ಬೇಕು, ಅಂಗಡಿಯಲ್ಲಿ ಹೆಸರು ಹೇಳಿಯೇ ಕೇಳಿ. ನಾಲ್ಕೈದು ಬಳ್ಳಿ ಮಾತ್ರ ಇದ್ದರೆ ಕಾಯಿ ಬೆರಳುದ್ದ ಇರುವಾಗಲೇ ಪೇಪರ್ ಸುತ್ತಿಬಿಡಿ. ನವಿಲು ಎಳೆ ಸಸಿ ಕುಕ್ಕುವ ಕಡೆ ಮೊದಲ ಮೂರು ವಾರ ಹಳೆ ಮೀನುಬಲೆ ಹಾಸಿ. ಮಂಗಕ್ಕೆ ನಾಯಿಯ ಹೊರತು ಬೇರೇನೂ ಆಗುವುದಿಲ್ಲ, ಅದೂ ಕೆಲವು ದಿನ. ಹಾಗಲ, ಪರಂಗಿ ಮೆಣಸು, ಬಸಳೆಯ ತಂಟೆಗೆ ಅದು ಬರುವುದು ಕಡಿಮೆ. ಮಂಗ ಹೆಚ್ಚಿರುವ ಊರಲ್ಲಿ ಹೊರಗಿನ ಸಾಲಿಗೆ ಅವನ್ನೇ ಹಾಕಿ, ಟೊಮೆಟೊ ಅಡುಗೆಮನೆ ಕಿಟಕಿಗೆ ಕಾಣುವಲ್ಲಿ ಇರಲಿ.

ಮೇ ಕೊನೆಯ ವಾರ

ಗುಡುಗು ಮಳೆ ದಿನಬಿಟ್ಟು ದಿನ ಬರತೊಡಗಿದರೆ ಹೊದಿಕೆಯನ್ನು ಬುಡದಿಂದ ಸರಿಸಿ ಮಡಿಯ ಅಂಚಿಗೆ ಎಳೆಯಿರಿ. ನೆನೆದ ಹುಲ್ಲಿನಡಿ ಬಸವನಹುಳು ಸೇರುತ್ತದೆ. ಬದು ಒಡೆದು ಆ ಮಣ್ಣನ್ನು ಬದನೆ, ಮೆಣಸಿನ ಬುಡಕ್ಕೆ ಏರಿಸಿ, ಮಡಿಗಳ ನಡುವೆ ಚರಂಡಿ ತೋಡಿ. ನೆರಳು ಬಲೆ ಬಿಚ್ಚಿ ಒಣಗಿಸಿ ಸುತ್ತಿಡಿ. ಟೊಮೆಟೊ ಬಣ್ಣ ತಿರುಗಿದ್ದನ್ನೆಲ್ಲ ಕೊಯ್ದು ಒಳಗೆ ಹಣ್ಣಾಗಲು ಬಿಡಿ. ಬೆಂಡೆಯ ಎರಡು ಒಳ್ಳೆಯ ಗಿಡದಲ್ಲಿ ಬೀಜಕ್ಕೆಂದು ಬಿಟ್ಟ ಕಾಯಿ ಒಣಗಿ ಸೀಳುವ ಮೊದಲೇ ತೆಗೆದು ಬೂದಿ ಬೆರೆಸಿ ಡಬ್ಬಿಗೆ ಹಾಕಿ. ಕುಂಬಳವನ್ನು ಎರಡಿಂಚು ತೊಟ್ಟು ಇಟ್ಟು ಕೊಯ್ಯಿರಿ, ಒಂದು ವಾರ ಬಿಸಿಲಿಗಿಟ್ಟು ಅಟ್ಟಕ್ಕೆ ಏರಿಸಿ, ಒಂದಕ್ಕೊಂದು ತಾಗಬಾರದು. ಖಾಲಿಯಾದ ಗುಂಡಿಯಲ್ಲಿ ಮೊಳೆತ ಸೀಮೆಬದನೆ ಕಾಯಿಯೊಂದನ್ನು ಅರ್ಧ ಹೂತು, ಹಾಗಲದ ಹಳೆಯ ಚಪ್ಪರಕ್ಕೇ ಹಬ್ಬಿಸಿ.